ಎಣ್ಣಿ ಅಂಗಡಿ ಬೋರ್ಡಿನ 'ವ'

ಮೊಂಡ ಆಗ್ಯಾವ ಅಂತೀರಿ ಅಕ್ಷರ.
ಕುಂದರ್ರಿ ಅಂದಾನಪ್ಪಾರ, ಚಾ ಬರಲಿ.
ಹೌದು, ಮೊದಲ ನನ್ನ ಕೈ ಹಿಂಗಿರಲಿಲ್ಲ.
ಬೆಟಗೇರಿ ತುಂಬ ನೋಡ್ರಿ, ನನ್ನ ಹಳೇ ಬೋರ್ಡು:
ಬಾಲ ತಿರುವಿದ 'ಶ್ರೀ', ಬೆನ್ನ ಹಿಂದ ನೆರಳು,
ನೆರಳಿಗೊಂದು ಕೆಂಪು ಅಂಚು,
ಬ್ಯಾಂಡ್ ಕಂಪನಿಯವರ ಅಂಗಿ ಇದ್ದಂಗ.

ಐದನೇತ್ತೆಗೆ ಸಾಲಿ ಬಿಟ್ಟವ ನಾನು.
ನಮ್ಮಪ್ಪ ಗಾದಿಗೆ ಅರಳಿ ಹಿಂಜತಿದ್ದ.
ಅದಕ್ಕ, ಕಡಪಟ್ಟಿ ಅಕ್ಕೋರು ಧಾರವಾಡದಿಂದ ಬಂದಾಗ
ಮೊದಲ ಕೇಳಿದ್ದು ನನ್ನ ಬ್ರಶ್ಶಲ್ಲ, ಅರಳಿ.
"ನದಾಫ, ಹಿಂಡಿದ್ರ ಗಂಟಾಗದ ಹತ್ತಿ ಐತೇನು?"
ಅರಿವ್ಯಾಗ ಸುತ್ತಿ ಮುಷ್ಟಿಯಷ್ಟು ಉಂಡಿ ಕಟ್ಟಿಕೊಟ್ಟೆ.

ಲಕ್ಕುಂಡಿ ದಾಟಿ, ಕಡ್ಲಿ ಹೊಲದ ಬದುವಿನ್ಯಾಗ
ಸೊಂಟದ ತನಕ ಹೂತ ಕಲ್ಲು.
ಎಮ್ಮಿ ಮೈ ತಿಕ್ಕಿ ತಿಕ್ಕಿ ಒಂದು ಮಗ್ಗಲ ಸವದಿತ್ತು.
ತೊಳದ್ವಿ. ಹಸಿ ಕಾಗದ ಹೊದಿಸಿ
ಅಕ್ಕೋರು ಬಡದ್ರು, ಕೂಸಿನ ಬೆನ್ನು ತಟ್ಟಿದಂಗ,
ಕಾಗದ ಕಲ್ಲಿನ ಕುಣಿಗೆ ಇಳಿಯೂತನಕ.
ಆಮ್ಯಾಲೆ ನನ್ನ ಹತ್ತಿ, ಕರೀ ಮಸಿ.
ಒತ್ತಿದಲ್ಲೆಲ್ಲಾ ಕತ್ತಲಿ,
ಬಿಟ್ಟಲ್ಲೆ ಅಕ್ಷರ.
ಇಪ್ಪತ್ತು ವರ್ಷ ಬಣ್ಣ ಹಚ್ಚಿ ಅಕ್ಷರ ಮಾಡಿದವ,
ಹಚ್ಚದನೂ ಆಗತೈತಿ ಅಂತ ಅವತ್ತ ಕಂಡೆ.

ಮಧ್ಯಾಹ್ನ ರೊಟ್ಟಿ ಮುರಕೋಂತ
ಅಕ್ಕೋರು ಚೀನಾದ ಸುದ್ದಿ ತಗದ್ರು.
ಅಲ್ಲೆ ಪಂಡಿತರು ನೂರಾರು ವರ್ಷ
ಹಿರೇರ ಕೈ ನೋಡಿ ತಿದ್ದಿದ್ರಂತ, ನಕಲಿನ ನಕಲು,
ತಿದ್ದಿ ತಿದ್ದಿ ಅಕ್ಷರ ತುಪ್ಪ ಸವರಿದಂಗ ನುಣ್ಣಗ.
ಕಡಿಗೊಮ್ಮೆ ಗ್ರಂಥದಾಗಿನ ತಪ್ಪು ಹಿಡಿಯಾಕ
ಹೊಲದಾಗ ಬಿದ್ದ ಕಲ್ಲು ಹುಡುಕ್ಕೊಂತ ಹೋದ್ರು,
ಇಸವಿ ಯಾವದು, ರಾಜ ಯಾರು ಅಂತ ಕೇಳಾಕ.
ಕೇಳಾಕ ಹೋದವರು ನೋಡಕೋಂತ ನಿಂತ್ರು.
ಉಳಿ ಬಿದ್ದ ಗಾಯ. ಮಳಿ ತಿಂದ ಅಂಚು.
ಮನಿಗೆ ಬಂದು ಕುಂಚ ಹಿಡದ್ರ
ಕೈ ಮೊದಲಿನಂಗ ತಿರುಗಲಿಲ್ಲಂತ.
"ಓದು ತೆಲಿಯೊಳಗ ಕುಂದ್ರಲಿಲ್ಲ ನದಾಫ,
ಮಣಿಕಟ್ಟಿಗೆ ಇಳೀತು."
ಓದಿದವನ ಅಕ್ಷರಕ್ಕ ಪುಸ್ತಕದ ವಾಸನಿ ಬರತೈತಿ
ಅಂತಾರಂತ ಆ ಮಂದಿ.
ನಾ ನನ್ನ ಕೈ ಮೂಸಿದೆ:
ಟರ್ಪಂಟೈನು, ಶೇಂಗಾ ಚಟ್ನಿ.

ಸಂಜಿಗೆ ಕೊನೀ ಸಾಲು, ಕೆತ್ತಿದವನ ಹೆಸರು.
ಬಾಮೋಜನೋ ಬಾವೋಜನೋ, ನಡು ಅಕ್ಷರ ಒಡದಿತ್ತು.
ಅಕ್ಕೋರು ಭೂತಗನ್ನಡಿ ಹಿಡದು
ಮೂರು ಸಲ ಮ ಅಂದ್ರು, ಎರಡು ಸಲ ವ.
ನಾ ಬೆರಳಲೇ ಗೀರಿ ನೋಡಿದೆ.
"ಮ ಬರಿಯವ ಬಲಕ್ಕ ಜಾಗಾ ಬಿಡತಾನ್ರಿ ಅಕ್ಕೋರ,
ಬಾಲ ಹೊರಳಬೇಕಲ್ಲ.
ಇಲ್ಲೆ ಜ ಬಂದು ಮೈಮ್ಯಾಲೆ ಕುಂತೈತಿ.
ಇಂವ ದಾರ ಹಿಡದು ಅಳದ ಮ್ಯಾಲೆ ಉಳಿ ಇಟ್ಟವ,
ಹಂಗ ತಪ್ಪಾಂವಲ್ಲ.
ವ."

ಅವರು ಭಾಳ ಹೊತ್ತು ಮಾತಾಡಲಿಲ್ಲ.
ಎರಡು ವರ್ಷದ ಮ್ಯಾಲೆ ಒಂದು ಪುಸ್ತಕ ಬಂತು ಪೋಸ್ಟಿಗೆ.
ಪುಟದ ಬುಡಕ್ಕ, ಇರುವಿ ಸಾಲಿನಂಥಾ ಅಕ್ಷರದಾಗ:
ಇ. ನದಾಫ, ಬೆಟಗೇರಿ.
ಮೊಣಕಾಲೆತ್ತರ ಬರಿಯವಗ
ತನ್ನ ಹೆಸರು ಓದಾಕ ಚಾಳೀಸು ಬೇಕಾತು.

ಈಗ ನಿಮ್ಮ ಬೋರ್ಡು, ವೀರಭದ್ರೇಶ್ವರ ಗಾಣದ ಎಣ್ಣಿ.
ಆ ಕಲ್ಲಿನ್ಯಾಗೂ ಎಣ್ಣಿ ಲೆಕ್ಕಾನ ಇತ್ತು ನೋಡ್ರಿ,
ಗಾಣಕ್ಕೊಂದು ಸೊಲ್ಲಿಗಿ, ದೀಪಕ್ಕಂತ.
ನೆರಳು ಬೇಕಂದ್ರ ಹಾಕ್ತೀನಿ,
ಕೆಂಪು ಅಂಚೂ ಎಳೀತೀನಿ, ರೊಕ್ಕ ನಿಮ್ಮದು.
ವ ಒಂದು ಬಿಡ್ರಿ.
ಅದು ನಂದಲ್ಲ, ತಿದ್ದಾಕ.
ಚಾ ಆರಾಕತ್ತೈತಿ, ಕುಡೀರಿ.